ಬೇಲಿಯಾಚೆಯ ಬ್ರಿಸ್ಟಲ್

ನಮ್ಮಪ್ಪ ಬ್ರಿಸ್ಟಲ್‌ನ ಸಲುವಾಗಿ ಸರಕಾರ ದೇಶದ ಸಂವಿಧಾನವನ್ನೇ ಮೂರು ಸಲ ತಿದ್ದಿತು. ಅಷ್ಟು ದೊಡ್ಡ ಮನುಷ್ಯ ಅವನು! ಮೊದಲ ಸಲ, ಇನ್ನು ಮೇಲೆ ನೀನು ಯಾರ ಸೊತ್ತೂ ಅಲ್ಲ ಎಂದರು. ಆಮೇಲೆ, ನೀನೂ ಈ ದೇಶದ ಪ್ರಜೆ, ಬಿಳಿಯರಿಗಿರುವ ಕಾನೂನೇ ನಿನಗೂ ಎಂದರು. ಕಡೆಗೆ ಓಟು ಕೊಟ್ಟೆವು ಎಂದರು. ಕೇಳಿದರೆ ಬಾಯಿ ಸಿಹಿಯಾಗುತ್ತದೆ. ಆದರೆ ಮೊದಲನೆಯದಕ್ಕೆ ಒಂದು ಬಾಲವಿತ್ತು. ಅಪರಾಧಕ್ಕಾಗಿ ಶಿಕ್ಷೆಯಾದವನನ್ನು ಬಿಟ್ಟು ಇನ್ಯಾರೂ ಗುಲಾಮರಲ್ಲ ಎಂದು ಬರೆದಿದ್ದರು. ಪ್ರಾರ್ಥನೆಯ ಮನೆಯಲ್ಲಿ ಪಾದ್ರಿ ಅದನ್ನು ಓದಿ ಹೇಳಿದಾಗ ಆ ಬಾಲಕ್ಕೆ ಯಾರೂ ಕಿವಿಗೊಡಲಿಲ್ಲ. ಎಲ್ಲರೂ ಕುಣಿಯುತ್ತಿದ್ದರು. ನಾವೇನು ಕಳ್ಳರೇ, ಅದು ನಮಗ್ಯಾಕೆ ಎಂದುಕೊಂಡರು.

ಅಪ್ಪ ಕೊಂಬಾಹೀ ನದಿಯ ದಂಡೆಯ ಭತ್ತದ ಗದ್ದೆಗಳಿಗೆ ತೂಬು ಕಾಯುವವನು. ಸಮುದ್ರದ ಉಬ್ಬರಕ್ಕೆ ನದಿ ಏರಿದಾಗ ಸಿಹಿನೀರನ್ನು ಗದ್ದೆಗೆ ಬಿಡಬೇಕು, ಉಪ್ಪುನೀರು ಬಂತೆಂದರೆ ತಟ್ಟನೆ ತೂಬು ಇಳಿಸಬೇಕು. ಗುಲಾಮಗಿರಿಯಲ್ಲೂ ಅದೇ ಕೆಲಸ ಮಾಡಿದ, ಬಿಡುಗಡೆಯಾದ ಮೇಲೂ ಅದೇ ಧಣಿ ಕ್ಯಾಪ್ಟನ್ ಹಾರ್ಲೆಯ ಅದೇ ತೂಬು. ಮಾತು ಕಡಿಮೆ. ಆಡಿದರೆ ಒಂದು ತೂಕ. ಹಾಗಾಗಿ ಜನ ಅವನನ್ನು ಪ್ರಾರ್ಥನೆಯ ಮನೆಯ ಹಿರಿಯನನ್ನಾಗಿ ಮಾಡಿದ್ದರು. ನಮ್ಮವ್ವ ಬೈನಾ ಅವನಿಗೆ ತದ್ವಿರುದ್ಧ. ಅವಳ ಬಾಯಿಗೆ ಹೆದರಿ ನಾಯಿಗಳೂ ನಮ್ಮ ಬಾಗಿಲು ತಪ್ಪಿಸಿ ಹೋಗುತ್ತಿದ್ದವು.

ಕಾನೂನಿನ ಪ್ರಕಾರ ಓಟು ಗಂಡಸಿನದು. ನಮ್ಮ ದಂಡೆಯಲ್ಲಿ ಹಾಗಿರಲಿಲ್ಲ. ಓಟು ಮನೆಯದು, ಗಂಡಸು ಅದನ್ನು ಹೊತ್ತುಕೊಂಡು ಹೋಗಿ ಪೆಟ್ಟಿಗೆಗೆ ಹಾಕಿ ಬರುವ ಆಳು ಮಾತ್ರ. ಚುನಾವಣೆಯ ದಿನ ಗಂಡಸರ ಹಿಂದೆ ಹೆಂಗಸರೆಲ್ಲ ಗುದ್ದಲಿ, ದೊಣ್ಣೆ ಹಿಡಿದು ಹೋಗುತ್ತಿದ್ದರು. ಆಗ ಚೀಟಿಗಳನ್ನು ಪಕ್ಷದವರೇ ಅಚ್ಚು ಹಾಕಿಸಿ ಹಂಚುತ್ತಿದ್ದರು. ನಮ್ಮ ಪಕ್ಷದ್ದು ಒಂದು ಬಣ್ಣ, ಧಣಿಗಳ ಪಕ್ಷದ್ದು ಇನ್ನೊಂದು ಬಣ್ಣ. ಯಾರು ಯಾವುದನ್ನು ಹಾಕಿದರೆಂದು ಊರಿಗೇ ಕಾಣುತ್ತಿತ್ತು. ನಮ್ಮವನೊಬ್ಬ ಧಣಿಗಳ ಚೀಟಿ ಹಾಕಿದನೋ, ಅವನು ‘ನದಿ ದಾಟಿದವನು’. ಹೆಂಡತಿ ಅವನ ಬಟ್ಟೆ ಬರೆಯನ್ನು ಬಾಗಿಲಾಚೆ ಎಸೆಯಬೇಕು. ಪ್ರಾರ್ಥನೆಯ ಮನೆಯಿಂದ ಹೆಸರು ತೆಗೆಯುತ್ತಾರೆ. ಅವನಿಗೆ ಬೆಂಕಿ ಕೊಡುವಂತಿಲ್ಲ, ಅವನ ಕೈಯ ನೀರು ಕುಡಿಯುವಂತಿಲ್ಲ, ಸತ್ತರೆ ಸ್ಮಶಾನದ ಬೇಲಿಯೊಳಗೆ ಮಣ್ಣಿಲ್ಲ. ಈ ಕಟ್ಟಳೆಯನ್ನು ಮಾಡಿದ ಹೆಂಗಸರಲ್ಲಿ ಮುಂದಾಳು ನಮ್ಮವ್ವನೇ. ಪಕ್ಕದ ಮನೆಯ ಫಿಬಿಯ ಗಂಡ ಒಂದು ಚೀಲ ಜೋಳದ ಆಸೆಗೆ ದಾಟಿದಾಗ, ಫಿಬಿಯ ಕೈ ಹಿಡಿದು ಗಂಡನ ಬಟ್ಟೆ ಎಸೆಸಿದವಳು ಅವಳು.

ಒಂದು ಬೇಸಿಗೆಯಲ್ಲಿ ನನ್ನ ಅಣ್ಣ ಎಜ್ರಾ ಸಿಕ್ಕಿಬಿದ್ದ. ಕ್ಯಾಪ್ಟನ್ನನ ಹಂದಿಯೊಂದು ನಮ್ಮ ಗೆಣಸಿನ ಪಾತಿಗೆ ನುಗ್ಗಿತ್ತು. ಎಜ್ರಾನೂ ಅವನ ಗೆಳೆಯ ಕ್ವಾಶ್‌ನೂ ಓಡಿಸಲು ಹೊಡೆದ ಏಟಿಗೆ ಅದು ಸತ್ತಿತು. ಕೋರ್ಟಿನಲ್ಲಿ ಅದು ಹಂದಿ ಕಳ್ಳತನವಾಯಿತು. ಶಿಕ್ಷೆಯಾದ ಇಬ್ಬರನ್ನೂ ಸರಕಾರ ಮೇಲುನಾಡಿಗೆ, ರೈಲುಹಾದಿ ಹಾಕುವ ಗುತ್ತಿಗೆದಾರನಿಗೆ ಬಾಡಿಗೆಗೆ ಕೊಟ್ಟಿತು. ಕಾಲಿಗೆ ಸಂಕೋಲೆ, ಮೊಣಕಾಲವರೆಗೆ ಕೆಸರು. ನನ್ನ ಅಜ್ಜನಾದರೂ ಧಣಿ ಕಾಸು ಕೊಟ್ಟು ಕೊಂಡ ಆಳು, ಸತ್ತರೆ ನಷ್ಟವೆಂದು ಗಂಜಿ ಹಾಕುತ್ತಿದ್ದರು. ಇವರು ಸತ್ತರೆ ಇನ್ನೊಬ್ಬ ಬರುತ್ತಿದ್ದ. ಆ ಬಾಲ ಎಷ್ಟುದ್ದವಿತ್ತು ಎಂದು ನಮಗೆ ಆಗ ತಿಳಿಯಿತು. ಅಲ್ಲಿಂದ ಬಿಡುಗಡೆಯಾಗಿ ಬಂದವನೊಬ್ಬ ಸಾವಿನ ಮನೆಗೆ ಬಂದವರ ಹಾಗೆ ಮೂಲೆಯಲ್ಲಿ ಕೂತು, ಕ್ವಾಶ್ ಆಗಲೇ ತೀರಿಕೊಂಡ, ಎಜ್ರಾ ರಕ್ತ ಕೆಮ್ಮುತ್ತಿದ್ದಾನೆ ಎಂದ. ಇನ್ನೊಂದು ಬೇಸಿಗೆ ಕಾಣುವುದಿಲ್ಲ ಎಂಬುದನ್ನು ಅವನು ಬಾಯಿಬಿಟ್ಟು ಹೇಳಲಿಲ್ಲ.

ಚುನಾವಣೆ ಹತ್ತಿರವಾದಾಗ ಕ್ಯಾಪ್ಟನ್ ನಮ್ಮ ಬಾಗಿಲಿಗೆ ಬಂದ. ಕುದುರೆಯಿಂದ ಇಳಿಯಲಿಲ್ಲ. ಅವ್ವ ಬೆಂಡೆಕಾಯಿಗೆ ಸಿಗಡಿ ಹಾಕಿ ಕುದಿಸುತ್ತಿದ್ದಳು, ನಾನು ಭತ್ತ ಕುಟ್ಟುತ್ತಿದ್ದೆ.

“ಬ್ರಿಸ್ಟಲ್, ನಿನ್ನ ಮಗನಿಗೆ ಮೈ ಸರಿಯಿಲ್ಲವಂತೆ,” ಎಂದ. “ರಾಜ್ಯಪಾಲರಿಗೆ ನಾನೊಂದು ಮಾತು ಹೇಳಿದ್ರೆ ಹುಡುಗ ಮನೆಗೆ ಬರ್ತಾನೆ. ನೀನು ನಮ್ಮ ಚೀಟಿ ಹಾಕು. ಮಡಚಿ ಮುಚ್ಚಿ ಹಾಕೋದಲ್ಲ. ಕೈ ಮೇಲೆತ್ತಿ, ಎಲ್ಲರಿಗೂ ಕಾಣೋ ಹಾಗೆ.”

“ನಂದೊಂದು ಓಟಿಂದ ನಿಮ್ಗೇನಾಗ್ಬೇಕು ಧಣಿ?” ಎಂದ ಅಪ್ಪ.

“ಓಟು ಯಾರಿಗೆ ಬೇಕೋ? ಎಣಿಸೋರು ನಮ್ಮೋರೇ. ನಿನ್ನಂಥವನೇ ಹಾಕಿದ ಅಂತ ನಿಮ್ಮ ಜನ ನೋಡಬೇಕು, ಅಷ್ಟೇ.” ಕುದುರೆ ತಿರುಗಿಸಿಕೊಂಡು ಮತ್ತೆ ನಿಂತ. “ಇದು ಮಾತಾಡ್ಕೊಂಡು ಆಗಿದ್ದು ಅಂತ ಯಾರ ಬಾಯಲ್ಲಾದ್ರೂ ಕೇಳಿದೆನೋ, ಬಿಟ್ಟು ಕಳಿಸಿದ ಹುಡುಗನನ್ನ ಮತ್ತೆ ಒಳಗೆ ಹಾಕಿಸೋದು ನನಗೆ ಕಷ್ಟವಲ್ಲ.”

ಅವನು ಹೋದ ಮೇಲೆ ಅಪ್ಪ ಹೊಸ್ತಿಲ ಮೇಲೆ ಕೂತ. ಅವ್ವ ಬೆನ್ನು ತಿರುಗಿಸಿ ಸೌಟು ಆಡಿಸುತ್ತಲೇ ಇದ್ದಳು. ತಳ ಹತ್ತಿದ ವಾಸನೆ ಬಂದರೂ ಒಲೆಯಿಂದ ಇಳಿಸಲಿಲ್ಲ.

“ಹಾಕು,” ಎಂದಳು ಕಡೆಗೆ.

“ಬೈನಾ, ಫಿಬಿ ಗಂಡಂಗೆ ಮಾಡಿದ್ದು ನಂಗೂ ಮಾಡ್ಬೇಕಾಯ್ತದೆ.”

“ನಾನೂ ನಿನ್ ಜೊತೆ ಬತ್ತೀನಿ. ಎಲ್ಲಾರ ಎದ್ರಿಗೆ ಬಾಯ್ಬುಟ್ಟು ಹೇಳ್ತೀನಿ.”

“ಹೇಳಿದ್ರೆ ಹುಡ್ಗ ಮತ್ತೆ ಒಳಿಕ್ಕೆ. ನನ್ ಜೊತೆ ಬಂದ್ರೆ ನಿನ್ನೂ ಆಚಿಗೆ ಹಾಕ್ತಾರೆ. ರಕ್ತ ಕೆಮ್ಕಂಡು ಬರೋನು ಯಾರ್ ಮನಿಗೆ ಹೋಗ್ಬೇಕು? ಅವ್ನಿಗೆ ಗಂಜಿ ಕೊಡೋರು ಯಾರು?” ಅಪ್ಪ ಅಷ್ಟು ಉದ್ದ ಮಾತಾಡಿದ್ದನ್ನು ನಾನು ಕೇಳಿರಲಿಲ್ಲ. “ಒಬ್ರು ಆಚೆ ಹೋದ್ರೆ ಸಾಕು. ನೀನು ಚೆನ್ನಾಗಿ ಬಯ್ಯೋಕೆ ಬಲ್ಲೆ. ಬಯ್ಯಿ.”

ಚುನಾವಣೆಯ ದಿನ ಅಪ್ಪ ಎರಡು ಸಾಲು ಹೆಂಗಸರ ನಡುವೆ ನಡೆದುಹೋಗಿ, ತಮ್ಮ ಪಕ್ಷದ ಕೆಂಪಂಗಿ ತೊಟ್ಟ ಧಣಿಗಳ ಕೈಯಿಂದ ಚೀಟಿ ತೆಗೆದುಕೊಂಡು, ತಲೆಯ ಮೇಲೆತ್ತಿ ಹಿಡಿದು ಪೆಟ್ಟಿಗೆಗೆ ಹಾಕಿದ. ಆಮೇಲೆ ಯಾರೋ ಅವ್ವನ ಹೆಸರು ಹಿಡಿದು ಕೂಗಿದರು. ಅವ್ವ ಗುದ್ದಲಿಯ ಕಾವನ್ನು ಎತ್ತಿಕೊಂಡು ಹೋದಳು. ನಾಟಕ ನಾಟಕದ ಹಾಗೆ ಕಾಣಬಾರದೆಂದು ಅವಳು ನಿಜವಾಗಿಯೇ ಹೊಡೆದಳು. ಅಪ್ಪನ ಹುಬ್ಬು ಒಡೆಯಿತು. ಹೊಡೆಯುತ್ತ ಹೊಡೆಯುತ್ತ ಅವಳಿಗೆ ನಿಜವಾಗಿ ಸಿಟ್ಟು ಬಂತು, ಅದು ಅವನ ಮೇಲಲ್ಲ ಎಂಬುದು ನನಗೆ ಗೊತ್ತು, ಏಟು ಬಿದ್ದದ್ದು ಮಾತ್ರ ಅವನಿಗೇ. ಮನೆಗೆ ಬಂದು ಅವನ ಅಂಗಿ, ಕಂಬಳಿ, ಉಣ್ಣುವ ತಟ್ಟೆ ಎಲ್ಲವನ್ನೂ ಎಸೆದಳು. ಅಪ್ಪ ಬಗ್ಗಿ ಬಗ್ಗಿ ಆಯ್ದುಕೊಂಡ. ಫಿಬಿ ಅವ್ವನನ್ನು ತಬ್ಬಿಕೊಂಡು, “ನಿನ್ನಂಥ ಗಟ್ಟಿಗಿತ್ತಿ ಈ ದಂಡೇಲಿಲ್ಲ ಕಣಕ್ಕ,” ಎಂದು ಅತ್ತಳು. ಎಣಿಸುವಾಗ ಪೆಟ್ಟಿಗೆಯಲ್ಲಿ ಓಟು ಹಾಕಿದವರಿಗಿಂತ ಹೆಚ್ಚು ಚೀಟಿಗಳಿದ್ದವಂತೆ, ಎಲ್ಲ ಧಣಿಗಳವೇ.

ಅಪ್ಪ ತೂಬಿನ ಪಕ್ಕ ತಾಳೆಗರಿಯ ಗುಡಿಸಲು ಹಾಕಿಕೊಂಡ.

ಕ್ಯಾಪ್ಟನ್ ಮಾತಿಗೆ ತಪ್ಪಲಿಲ್ಲ. ಚಳಿ ಕಳೆದು ಗದ್ದೆಗೆ ನೀರು ಬಿಡುವ ಹೊತ್ತಿಗೆ ಎಜ್ರಾ ಬಂದ, ಕಾಲುಗಂಟಿನಲ್ಲಿ ಸಂಕೋಲೆಯ ಹುಣ್ಣು, ಕಣ್ಣೆರಡು ಬಿಟ್ಟರೆ ಮುಖವೇ ಇಲ್ಲ. ಪ್ರಾರ್ಥನೆಯ ಮನೆಯವರು ಹಾಡಿಕೊಂಡು ದಾರಿಯವರೆಗೆ ಹೋಗಿ ಕರೆತಂದರು. ಅವನಿಗಾಗಿ ಅವರು ಚಳಿಗಾಲವೆಲ್ಲ ಪ್ರಾರ್ಥಿಸಿದ್ದರು, ಪ್ರಾರ್ಥನೆ ಫಲಿಸಿತ್ತು, ಇನ್ನೇನು ಬೇಕು? ಸಿಂಹದ ಗುಹೆಯಿಂದ ದಾನಿಯೇಲನನ್ನು ದೇವರು ಬಿಡಿಸಿದಂತೆ ಇವನನ್ನೂ ಬಿಡಿಸಿದ ಎಂದು ಪಾದ್ರಿ ಹೇಳಿದ. ಅಪ್ಪ ಎಲ್ಲಿ ಎಂದು ಎಜ್ರಾ ಕೇಳಿದಾಗ ಹೇಳಲು ಹೆಂಗಸರು ನಾ ಮುಂದೆ ತಾ ಮುಂದೆ ಎಂದು ಬಂದರು. ಅವ್ವ ಗಂಜಿ ಆರಿಸುತ್ತ ಕೂತಿದ್ದಳು.

ಅವನು ಕೋಲೂರಿಕೊಂಡು ತೂಬಿನ ಬಳಿಗೆ ಹೋದ. ನಾನು ಹಿಂದೆಯೇ ಓಡಿದೆ. ಅಪ್ಪ ಅವನನ್ನು ನೋಡಿ ಎದ್ದು ನಿಂತ. ಎರಡೂ ಕೈ ಮುಂದೆ ಬಂದಿದ್ದವು.

“ಕ್ವಾಶ್ ನನ್ ಪಕ್ಕದಲ್ಲೇ ಸಂಕೋಲೇಲಿ ಸತ್ತ,” ಎಂದ ಎಜ್ರಾ. “ಅವ್ನ ಹೆಣದ್ ಜೊತೆ ಬೆಳಗಿನ್ಗಂಟ ಕಟ್ಟಿದ್ರು ನನ್ನ. ಕಟ್ಟಿದೋರ್ ಚೀಟಿ ಹಾಕ್ದೋನು ನೀನು. ಥೂ!”

ಉಗಿದದ್ದು ಅಪ್ಪನ ಎದೆಯ ಮೇಲೆ ಬಿತ್ತು. ಎಜ್ರಾ ತಿರುಗಿ ಹೋದ ಮೇಲೆ ನಾನು ಲಂಗದ ಅಂಚಿನಿಂದ ಒರೆಸಲು ಹೋದೆ. ಅಪ್ಪ ಕೈ ತಡೆದ.

“ಇರ್ಲಿ ಬುಡು ಜೂನೋ. ಉಗಿದದ್ರಲ್ಲಿ ರಕ್ತ ಇಲ್ಲ, ನೋಡು. ಬದುಕ್ತಾನೆ.”

ಬದುಕಿದ. ಬೆಳೆದ. ಮದುವೆಯಾದ. ಪ್ರತಿ ಭಾನುವಾರ ಎದ್ದು ನಿಂತು ದೇವರು ತನ್ನ ಸಂಕೋಲೆ ಕಡಿದ ಕಥೆಯನ್ನು ಸಾಕ್ಷಿಯಾಗಿ ಹೇಳುತ್ತಿದ್ದ. ಕೇಳಲು ಹೊಳೆಯಾಚೆಯಿಂದಲೂ ಜನ ಬರುತ್ತಿದ್ದರು, ಅಳುತ್ತಿದ್ದರು, ಮೂರ್ಛೆ ಹೋಗುತ್ತಿದ್ದರು. ಅಪ್ಪ ಕೂರುತ್ತಿದ್ದ ಬೆಂಚಿನಲ್ಲೇ ಅವನನ್ನು ಹಿರಿಯನನ್ನಾಗಿ ಕೂರಿಸಿದರು. ಅವ್ವ ದಂಡೆಯಲ್ಲಿ ಹುಲ್ಲು ಕೊಯ್ಯುವ ನೆಪದಲ್ಲಿ ತೂಬಿನ ಕಡೆ ಬೆನ್ನು ಹಾಕಿ ಬಗ್ಗುತ್ತಿದ್ದಳು, ಅಪ್ಪ ನದಿಯ ಕಡೆ ಮುಖ ಮಾಡಿ ನಿಲ್ಲುತ್ತಿದ್ದ, ಇಬ್ಬರೂ ಹಾಗೆಯೇ ಮಾತಾಡುತ್ತಿದ್ದರು. ಅಲ್ಲಿಂದ ಮುಂದೆ ಗಂಡಹೆಂಡಿರಾಗಿ ಅವರು ಮಾಡಿದ ಸಂಸಾರ ಅಷ್ಟೇ. ಕ್ಯಾಪ್ಟನ್ ಮಣ್ಣು ಸೇರಿದ ವರ್ಷ ಅವ್ವ, ಇನ್ನು ಹೇಳಿಬಿಡುತ್ತೇನೆ ಎಂದಳು. ಅಪ್ಪ ಒಪ್ಪಲಿಲ್ಲ.

“ಅವ್ನು ಆ ಕಥೆ ಮ್ಯಾಲೆ ನಿಂತವ್ನೆ. ಕೆಳಗಿಂದ ಎಳೀಬ್ಯಾಡ ಬೈನಾ.”

ಆಮೇಲೆ ನಮ್ಮ ರಾಜ್ಯದವರು ತಮ್ಮದೇ ಹೊಸ ಸಂವಿಧಾನ ಬರೆದುಕೊಂಡರು. ಓಟು ಹಾಕಬೇಕಾದರೆ ಆಸ್ತಿ ಇರಬೇಕು, ಇಲ್ಲವೇ ಕಾನೂನನ್ನು ಓದಿ ಅಧಿಕಾರಿಯ ಮನಸ್ಸಿಗೆ ಬರುವಂತೆ ಅರ್ಥ ಹೇಳಬೇಕು. ನಮ್ಮವರು ಹೇಳಿದ ಯಾವ ಅರ್ಥವೂ ಅಧಿಕಾರಿಯ ಮನಸ್ಸಿಗೆ ಬರಲಿಲ್ಲ. ದೇವರು ವರ ಕೊಟ್ಟರೂ ಪೂಜಾರಿ ಕೊಡಬೇಕಲ್ಲ! ಎಜ್ರಾನನ್ನೂ ಹೆಸರು ಬರೆಸುವ ಮೇಜಿನಿಂದಲೇ ಅಟ್ಟಿದರು. ಓಟು ಹೋಯಿತು. ಓಟು ಕೆಡಿಸಿದವನ ಮೇಲಿನ ಸಿಟ್ಟು ಮಾತ್ರ ಉಳಿಯಿತು. ಧಣಿಗಳ ಮೇಲೆ ತೋರಿಸಲಾಗದ್ದನ್ನೆಲ್ಲ ಜನ ತೂಬಿನ ಮುದುಕನ ಮೇಲೆ ತೋರಿಸಿದರು. ದಾರಿಯಲ್ಲಿ ಕಂಡರೆ ಮಕ್ಕಳು ಹೆಂಟೆ ಎಸೆಯುತ್ತಿದ್ದವು, ದೊಡ್ಡವರು ಬೇಡವೆನ್ನುತ್ತಿರಲಿಲ್ಲ.

ಹೋದ ವರ್ಷ ಕೊಯ್ಲಿನ ಹೊತ್ತಿಗೆ ಅಪ್ಪ ಜ್ವರದಲ್ಲಿ ಹೋದ. ಬೇಲಿಯೊಳಗೆ ಮಣ್ಣು ಕೊಡಬೇಕೋ ಬೇಡವೋ ಎಂದು ಹಿರಿಯರು ಸೇರಿದರು. ಕೆಲವರು ಮೆತ್ತಗಾಗಿದ್ದರು, ಸತ್ತವನ ಮೇಲೇನು ಹಗೆ ಎಂದರು. ಪಾದ್ರಿ ಮಗನ ಬಾಯಿಂದಲೇ ತೀರ್ಮಾನ ಬರಲಿ ಎಂದ.

“ಕಟ್ಟಳೆ ಕಟ್ಟಳೇನೇ,” ಎಂದ ಎಜ್ರಾ. “ನಮ್ಮಪ್ಪ ಅಂತ ನಾನು ಬುಟ್ರೆ, ನಾಳೆ ಯಾರ್ನ ತಡೀಲಿ?”

ಅವ್ವ ಎದ್ದು ನಿಂತಳು. ಗಂಡಸರ ಸಭೆಯಲ್ಲಿ ಅವಳು ಏಳುವುದು ಹೊಸದಲ್ಲ. ಆದರೆ ಅಂದು ಬೈಗುಳವಿಲ್ಲದೆ ಮಾತಾಡಿದಳು.

“ಎಜ್ರಾ, ನಿನ್ನ ಬಿಡ್ಸಿದ್ದು ಪ್ರಾರ್ಥನೆ ಅಲ್ಲ ಕಣ್ಲಾ. ಆ ಚೀಟಿ. ಕ್ಯಾಪ್ಟನ್ ನಮ್ ಬಾಗಿಲ್ಗೆ ಬಂದು ಕೇಳ್ದ, ಹಾಕು ಅಂದವ್ಳು ನಾನು. ಗುಡಿಸಲಲ್ಲಿ ಬಿದ್ದದಲ್ಲ ಆ ಹೆಣ, ಅದೇ ನಿನ್ ಜೀವಕ್ಕೆ ಕೊಟ್ಟ ಬೆಲೆ.”

ಕ್ಯಾಪ್ಟನ್ ಬಂದದ್ದು, ಆಡಿದ್ದು, ಎಲ್ಲ ನಿಜವೆಂದು ನಾನೂ ಕೂಗಿ ಹೇಳಿದೆ. ಫಿಬಿ ಬಾಯಿಗೆ ತಲೆಬಟ್ಟೆಯ ತುದಿ ಒತ್ತಿಕೊಂಡಳು. ಎಲ್ಲರೂ ಎಜ್ರಾನ ಮುಖ ನೋಡುತ್ತಿದ್ದರು. ಅವನು ನಂಬಿದ. ಒಡಹುಟ್ಟಿದವಳು ನಾನು, ಅವನ ಮುಖದಲ್ಲಿ ಅದು ನನಗೆ ಕಂಡಿತು. ಕೈ ಬೆಂಚನ್ನು ಹಿಡಿದುಕೊಂಡಿತು, ಕಣ್ಣು ಕಿಟಕಿಯಾಚೆ ತೂಬಿನ ಕಡೆ ಹೋಗಿ ಬಂತು. ಪಾದ್ರಿ ಮೆಲ್ಲಗೆ, “ಅಯ್ಯಾ, ಇದು ನಿಜವಾದ್ರೆ ನಮ್ ಪ್ರಾರ್ಥನೆಗೆ ಏನ್ ಬೆಲೆ?” ಎಂದ.

ಎಜ್ರಾ ಗಂಟಲು ಸರಿಮಾಡಿಕೊಂಡ. “ಅವ್ವಂಗೆ ವಯಸ್ಸಾಯ್ತು,” ಎಂದ. “ದುಃಖಕ್ಕೆ ಬುದ್ಧಿ ಸ್ಥಿಮಿತದಲ್ಲಿಲ್ಲ. ಜೂನೋ, ಮನೆಗೆ ಕರ್ಕಂಡ್ ಹೋಗು.”

ಸುತ್ತಲೂ ನಿಟ್ಟುಸಿರು ಕೇಳಿತು. ಎಲ್ಲರಿಗೂ ಹಾಯೆನಿಸಿತ್ತು.

ಅವ್ವ ಮಗನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. “ಆ ಕ್ಯಾಪ್ಟನ್ನೇ ವಾಸಿ ಕಣ್ಲಾ,” ಎಂದಳು. “ಬಿಳಿಯ, ಹಾಳಾದವ್ನು, ಆದ್ರೂ ನನ್ ಗಂಡಂಗೆ ಕೊಟ್ಟ ಮಾತು ಉಳಿಸ್ಕಂಡ.”

ಬೇಲಿಯಾಚೆ ನಾನೂ ಅವ್ವನೂ ಗುಂಡಿ ತೋಡಿದೆವು. ಒಂದಾಳುದ್ದಕ್ಕೆ ಮೊದಲೇ ನೀರು ಬಂತು, ಬೇರೆ ಕಡೆ ತೋಡಲು ನಮ್ಮಲ್ಲಿ ಶಕ್ತಿಯಿರಲಿಲ್ಲ. ಯಾರೂ ಹಾಡಲಿಲ್ಲ. ಅವ್ವ ಅಂದಿನಿಂದ ಪ್ರಾರ್ಥನೆಯ ಮನೆಗೆ ಕಾಲಿಟ್ಟಿಲ್ಲ, ಮಗನ ಮನೆಯ ನೀರೂ ಮುಟ್ಟಿಲ್ಲ. ಎಜ್ರಾ ಈಗಲೂ ಭಾನುವಾರ ಭಾನುವಾರ ಎದ್ದು ನಿಂತು ದೇವರು ತನ್ನನ್ನು ಬಿಡಿಸಿದ ಕಥೆ ಹೇಳುತ್ತಾನೆ. ಮೊದಲಿಗಿಂತ ಜೋರಾಗಿ ಹೇಳುತ್ತಾನೆ, ನಮ್ಮ ಅಂಗಳದವರೆಗೂ ಕೇಳಿಸುತ್ತದೆ.