ನಾಲ್ಕನೆಯ ಬಾಗಿಲಿನ ಅಕ್ಕ

ಮೊನ್ನೆ ಭಾನುವಾರ ಒಗ್ಗರಣೆಗೆ ಸಾಸಿವೆ ಹುಡುಕುತ್ತ ಕಪಾಟಿಗೆ ಕೈ ಹಾಕಿದರೆ ಆ ಪ್ಲಾಸ್ಟಿಕ್ ಡಬ್ಬಿ ಸಿಕ್ಕಿತು. ಅಗಲ ಬಾಯಿ, ತಿರುಗಿಸುವ ಬಿಳಿ ಮುಚ್ಚಳ, ನಂಬರ್ ಬರೆಯಲೆಂದು ಅಂಟಿಸಿದ ಖಾಲಿ ಚೀಟಿ. ಕಫ ಪರೀಕ್ಷೆಗೆ ಕೊಡುವ ಡಬ್ಬಿ ಅದು. ನನ್ನ ಹಳೆಯ ಪುಸ್ತಕಗಳ ಪೆಟ್ಟಿಗೆಯ ತಳದಲ್ಲಿ ಇಟ್ಟಿದ್ದೆ. ಬೈಯಪ್ಪನಹಳ್ಳಿಯ ಈ ಬಾಡಿಗೆ ಮನೆಯಲ್ಲಿ ನನ್ನ ಜೊತೆಗಿರುವ ಗೆಳತಿಗೆ ಯಾವ ಡಬ್ಬಿಯೂ ಖಾಲಿ ಇರಬಾರದು; ತೊಳೆದು ಸಾಸಿವೆ ತುಂಬಿಬಿಟ್ಟಿದ್ದಾಳೆ. ಒಲೆಯ ಮೇಲೆ ಎಣ್ಣೆ ಕಾಯುತ್ತಿತ್ತು, ನಾನು ಡಬ್ಬಿ ಹಿಡಿದುಕೊಂಡು ನಿಂತೇ ಇದ್ದೆ...

ದಾವಣಗೆರೆಯಲ್ಲಿ ಬಿಡಿಎಸ್ ಮುಗಿಸಿ, ಜೀವಮಾನವಿಡೀ ಇನ್ನೊಬ್ಬರ ಬಾಯೊಳಗೆ ಇಣುಕಿ ನೋಡುವುದು ನನ್ನಿಂದಾಗದು ಎಂದು ಮನೆಯಲ್ಲಿ ಜಗಳವಾಡಿ, ಸಾರ್ವಜನಿಕ ಆರೋಗ್ಯದಲ್ಲಿ ಎಂಪಿಎಚ್ ಮಾಡಲು ಬೆಂಗಳೂರಿಗೆ ಬಂದವಳು ನಾನು. ಇದು ಒಬ್ಬೊಬ್ಬ ರೋಗಿಯನ್ನಲ್ಲ, ಇಡೀ ಊರಿನ ಆರೋಗ್ಯವನ್ನೇ ನೋಡುವ ಓದು ಎಂದು ಅಪ್ಪನೆದುರು ದೊಡ್ಡ ಭಾಷಣ ಬಿಗಿದಿದ್ದೆ. ಅಪ್ಪ ಪಾಪ, ನಂಬಿದರು.

ಎರಡನೆಯ ವರ್ಷ ಪ್ರಬಂಧಕ್ಕಾಗಿ ಹಲಸೂರಿನ ಗಲ್ಲಿಗಳಲ್ಲಿ ಮನೆಮನೆ ಸಮೀಕ್ಷೆ ಮಾಡಬೇಕಿತ್ತು. ಎರಡು ವಾರಕ್ಕಿಂತ ಹೆಚ್ಚು ಕೆಮ್ಮಿದೆಯೇ ಎಂದು ಕೇಳುವುದು, ಇದೆ ಅಂದವರಿಗೆ ಈ ಡಬ್ಬಿ ಕೊಡುವುದು. ಡಬ್ಬಿಯ ಮೇಲೆ ಹೆಸರಿಲ್ಲ, ಬರೀ ನಂಬರ್. ಪರೀಕ್ಷೆ ನಮ್ಮ ಕಾಲೇಜಿನ ಲ್ಯಾಬಿನಲ್ಲಿ. ಟಿಬಿ ಎಂದು ಬಂದರೆ ಅವರಿಗೊಬ್ಬರಿಗೇ ಫೋನು. ಆದರೆ ಎಲ್ಲ ಮನೆಗೂ ಹೋಗುವ ಹಾಗಿರಲಿಲ್ಲ. ಗಲ್ಲಿಯ ತುದಿಯಿಂದ ಎಣಿಸಿ ಪ್ರತಿ ಐದನೆಯ ಬಾಗಿಲನ್ನಷ್ಟೇ ತಟ್ಟಬೇಕು. "ಮುಖ ನೋಡಿ ಮನೆ ಆರಿಸಿದ್ರೆ ಪ್ರಬಂಧ ಕಸದ ಬುಟ್ಟಿಗೆ," ಎಂದು ನಮ್ಮ ಗೈಡ್ ಮೇಡಂ ಮೊದಲ ದಿನವೇ ಗದರಿಸಿದ್ದರು.

ಆ ಗಲ್ಲಿಗಳಲ್ಲಿ ನನ್ನ ಕೈ ಹಿಡಿದು ನಡೆಸಿದವರು ಅಲ್ಲಿನ ಆಶಾ ಕಾರ್ಯಕರ್ತೆ. ನಾನು ಅಕ್ಕ ಎನ್ನುತ್ತಿದ್ದೆ. ಗುಲಾಬಿ ಬಣ್ಣದ ಸೀರೆ, ಹೆಗಲಿಗೊಂದು ಚೀಲ, ಸೆರಗಿನ ತುದಿಯಲ್ಲಿ ಲವಂಗದ ಗಂಟು. ಒಂದು ಬಾಗಿಲಲ್ಲಿ ತಮಿಳು, ಇನ್ನೊಂದರಲ್ಲಿ ಉರ್ದು, ಮತ್ತೊಂದರಲ್ಲಿ ಕನ್ನಡ. "ಕಾಲೇಜಿನ ಪಾಪು ಇದು, ನಾಲ್ಕು ಮಾತು ಕೇಳತ್ತೆ, ಹೇಳ್ಬಿಡಿ," ಎಂದು ನನ್ನನ್ನು ಒಳಗೆ ತಳ್ಳುತ್ತಿದ್ದರು. ಎಂಪಿಎಚ್ ಪಾಪು! ಯಾವ ಮನೆಗೆ ಹೋದರೂ ಅಲ್ಲಿನ ಕೂಸು ಅಕ್ಕನ ತೋಳಿಗೆ ಹಾರುತ್ತಿತ್ತು. ಹುಟ್ಟಿದಾಗ ತೂಕ ನೋಡಿದವರು ಅವರೇ ತಾನೆ. ನನಗೆ ಟೀ ಸಿಕ್ಕಿದ್ದೆಲ್ಲ ಅವರ ಮುಖ ನೋಡಿ.

ಅವರು ಕೆಮ್ಮುತ್ತಿದ್ದರು. ನನಗೆ ಗೊತ್ತಿರಲಿಲ್ಲ ಎಂದರೆ ಸುಳ್ಳಾಗುತ್ತದೆ. ಮೆಟ್ಟಿಲು ಹತ್ತಿ ಗೋಡೆಗೊರಗಿ, ಒಂದು ಲವಂಗ ಬಾಯಿಗೆ ಹಾಕಿಕೊಂಡು "ಧೂಳಮ್ಮ," ಅನ್ನುತ್ತಿದ್ದರು. ರವಿಕೆಯ ತೋಳು ದಿನದಿನಕ್ಕೆ ಸಡಿಲವಾಗುತ್ತಿತ್ತು. ನಾನು ಸಮೀಕ್ಷೆಯ ಹಾಳೆ ತಿರುವುತ್ತಿದ್ದೆ.

ಕೊನೆಯ ದಿನ ಉಳಿದದ್ದು ಅಕ್ಕನದೇ ಗಲ್ಲಿ. ಒಂದು, ಎರಡು, ಮೂರು ಎಂದು ಎಣಿಸುತ್ತ ಹೋದೆ. ನಾಲ್ಕನೆಯ ಬಾಗಿಲ ಮುಂದೆ ಅಕ್ಕ ನಿಂತುಬಿಟ್ಟರು. ಅವರದೇ ಮನೆ. ನನ್ನ ಚೀಲದಿಂದ ಒಂದು ಡಬ್ಬಿ ತೆಗೆದು ಕೈಯಲ್ಲಿ ಹಿಡಿದುಕೊಂಡಿದ್ದರು.

"ಡಾಕ್ಟ್ರಮ್ಮ, ಒಂದು ಬಾಗಿಲು ತಪ್ಪಿ ಎಣಿಸ್ಬಿಡಿ. ಯಾರಿಗೆ ಗೊತ್ತಾಗತ್ತೆ?"

ನಾನು ನಕ್ಕೆ. ತಮಾಷೆ ಅಂದುಕೊಂಡೆ. ಅವರು ನಗಲಿಲ್ಲ.

"ಎರಡು ತಿಂಗಳಾಯ್ತು ಕೆಮ್ಮು. ನನಗೂ ಒಂದು ನಂಬರ್ ಹಾಕಿ."

"ನಿಮ್ಮ ಹೆಲ್ತ್ ಸೆಂಟರಲ್ಲೇ ತೋರಿಸ್ಬೋದಲ್ಲಕ್ಕ?"

"ಅಲ್ಲಿ ಕೊಟ್ರೆ ಸಂಜೆಯೊಳಗೆ ಗಲ್ಲಿಗೆಲ್ಲಾ ಗೊತ್ತಾಗತ್ತೆ. ಆಮೇಲೆ ನನಗೆ ಯಾರಮ್ಮ ಬಾಗಿಲು ತೆಗೀತಾರೆ? ಮಗು ಎತ್ಕೊಳೋಕೆ ಯಾರು ಕೊಡ್ತಾರೆ? ಇದೆ ಅಂತ ಗೊತ್ತಾದ್ರೆ ಶಿವಾಜಿನಗರದ ಕಡೆ ಹೋಗಿ ಮಾತ್ರೆ ತಗೋತೀನಿ. ಬರೀ ಅನುಮಾನಕ್ಕೆ ಕೆಲ್ಸ ಬಿಟ್ಟು ಅಲ್ಲಿ ಕ್ಯೂ ನಿಲ್ಲೋಕಾಗಲ್ಲ, ಮೊದ್ಲು ಗೊತ್ತಾಗ್ಬೇಕಲ್ಲ."

ಒಂದು ಬಾಗಿಲು. ಅಷ್ಟೇ ಅವರು ಕೇಳಿದ್ದು. ನನ್ನ ತಲೆಯಲ್ಲಿ ಮಾತ್ರ ಮೇಡಮ್ಮಿನ ಕಸದ ಬುಟ್ಟಿ. ಡಬ್ಬಿಗಳಿಗೂ ಲೆಕ್ಕ ಒಪ್ಪಿಸಬೇಕಿತ್ತು. ಹೋಗಲಿ, ಸಮೀಕ್ಷೆಗೆ ಸೇರಿಸದೆಯೇ ಮೇಡಂ ಹತ್ತಿರ ಹೇಳಿ ಪರೀಕ್ಷೆ ಮಾಡಿಸಬಹುದಿತ್ತು; ಆ ಮೇಡಮ್ಮೂ ಕಲ್ಲೇನಲ್ಲ. ಅದು ಆ ಹೊತ್ತಿಗೆ ಹೊಳೆಯಲಿಲ್ಲ. ಹೊಳೆಯಲಿಲ್ಲವೋ, ಆದಷ್ಟು ಬೇಗ ಕೆಲಸ ಮುಗಿದರೆ ಸಾಕಾಗಿತ್ತೋ...

"ನೀವು ಸ್ಯಾಂಪಲ್ಲಲ್ಲಿ ಬರಲ್ಲ ಅಕ್ಕ," ಎಂದೆ. ಅವರ ಕೈಯಿಂದ ಡಬ್ಬಿ ತೆಗೆದುಕೊಂಡು ಚೀಲಕ್ಕೆ ಹಾಕಿದೆ.

"ಸರಿ ಬಿಡಿ, ರೂಲ್ಸ್ ಅಂದ್ರೆ ರೂಲ್ಸ್," ಎಂದು ಅಕ್ಕನೇ ಮುಂದೆ ಹೋಗಿ ಐದನೆಯ ಬಾಗಿಲು ತಟ್ಟಿದರು. ಆ ಮನೆಯಲ್ಲಿ ಯಾರಿಗೂ ಕೆಮ್ಮಿರಲಿಲ್ಲ. ಇಲ್ಲ ಎಂಬಲ್ಲಿ ಗುರುತು ಹಾಕಿ, ಕೊಟ್ಟ ಟೀ ಕುಡಿದು ಬಂದೆ.

ಕೆಲವು ತಿಂಗಳ ಮೇಲೆ ಮೌಖಿಕ ಪರೀಕ್ಷೆಗೆ ಹೊರಗಿನಿಂದ ಬಂದ ಪರೀಕ್ಷಕರು ನನ್ನ ಪ್ರಬಂಧವನ್ನು ಹೊಗಳಿದರು. ಒಂದು ಮನೆಯೂ ಆಚೀಚೆ ಆಗಿಲ್ಲ, ಮಾದರಿ ಎಂದರೆ ಹೀಗಿರಬೇಕು ಎಂದರು. ನಾನು ಹಲ್ಲು ಕಿರಿದುಕೊಂಡು ನಿಂತಿದ್ದೆ. ಮಾರನೆಯ ದಿನ ಅಕ್ಕನಿಗೆಂದು ಸಿಹಿ ಕಟ್ಟಿಸಿಕೊಂಡು ಹಲಸೂರಿಗೆ ಹೋದೆ. ನಾಲ್ಕನೆಯ ಬಾಗಿಲಿಗೆ ಬೀಗ. ಪಕ್ಕದ ಮನೆಯಾಕೆ, ಐದನೆಯ ಬಾಗಿಲಿನವರೇ, ನನ್ನ ಗುರುತು ಹಿಡಿದು ಹೊರಗೆ ಬಂದರು.

"ಹೋಗ್ಬಿಟ್ರಲ್ಲಮ್ಮ, ತಿಂಗಳಾಯ್ತು. ಟಿಬಿನಂತೆ. ರಕ್ತ ಕಾರ್ಕೊಂಡ ಮೇಲೇ ಆಸ್ಪತ್ರೆಗೆ ಸೇರಿಸಿದ್ದು. ಎಲ್ಲರ ಮನೆ ಕೆಮ್ಮು ಕೇಳ್ತಿದ್ದೋರು, ತನ್ನದನ್ನ ಮೊದಲೇ ಯಾರಿಗಾದ್ರೂ ಹೇಳ್ಕೋಬಾರ್ದಿತ್ತಾ?"

ಹೇಳಿದ್ದರು, ನನಗೆ. ಆರು ತಿಂಗಳು ಮಾತ್ರೆ ನುಂಗಿದರೆ ವಾಸಿಯಾಗುವ ಕಾಯಿಲೆ. ಪರೀಕ್ಷೆಯಲ್ಲಿ ಅದನ್ನೇ ಪುಟಗಟ್ಟಲೆ ಬರೆದು ಅಂಕ ತೆಗೆದವಳು ನಾನು. ಸಿಹಿಯ ಪೊಟ್ಟಣವನ್ನು ಆಕೆಯ ಕೈಗಿಟ್ಟು ಬಂದುಬಿಟ್ಟೆ. ಏನೆಂದುಕೊಂಡರೋ.

ಈಗಲೂ ಇಂದಿರಾನಗರದ ಆಫೀಸಿನಲ್ಲಿ ಕೂತು ಯಾವ ಬಾಗಿಲು ತಟ್ಟಬೇಕೆಂಬ ಅಂಥವೇ ಪಟ್ಟಿಗಳನ್ನು ಮಾಡುತ್ತೇನೆ. ಬೇರೆ ಕೆಲಸ ನನಗೆ ಬರುವುದಿಲ್ಲ. ಅಕ್ಕ ಹಿಡಿದಿದ್ದ ಆ ಡಬ್ಬಿಯನ್ನು ಮಾತ್ರ ಕಾಲೇಜಿಗೆ ಹಿಂದಿರುಗಿಸಲಿಲ್ಲ. ಲೆಕ್ಕದಲ್ಲಿ ಒಂದು ಕಮ್ಮಿ ಬಂತು, ಯಾರೂ ಕೇಳಲೂ ಇಲ್ಲ.

"ಏನ್ ಮಗಾ, ಎಣ್ಣೆ ಸೀದೋಗ್ತಿದೆ!" ಎಂದು ಗೆಳತಿ ಓಡಿಬಂದು ಒಲೆ ಆರಿಸಿದಳು. ನನ್ನ ಕೈಯಲ್ಲಿದ್ದ ಡಬ್ಬಿ ನೋಡಿ ಅವಳಿಗೆ ಗಾಬರಿಯಾಯಿತು.

"ಅಯ್ಯೋ, ಹೊಸದು ಅಂದ್ಕೊಂಡು ತುಂಬಿಟ್ಟೆ ಕಣೇ. ಯಾರೂ ಯೂಸ್ ಮಾಡಿರ್ಲಿಲ್ಲ ತಾನೇ?"

"ಇಲ್ಲ," ಎಂದೆ. "ಯಾರೂ ಮಾಡಿಲ್ಲ."