ಮುನಿವೆಂಕಟಯ್ಯನವರ ಎರಡನೇ ದಿನದ ಪಾಠ

ಇಸ್ಲಾಮಿನ ನ್ಯಾಯಶಾಸ್ತ್ರವನ್ನು ಕನ್ನಡದಲ್ಲಿ ಪಾಠ ಹೇಳಿದವರು ಬೆಂಗಳೂರಿನ ಕಾನೂನು ಕಾಲೇಜುಗಳಲ್ಲಿ ಹೆಚ್ಚಿಲ್ಲ. ಆ ಶಾಸ್ತ್ರದ ತೀರ್ಪುಗಳನ್ನಷ್ಟೇ ಒಪ್ಪಿಸದೆ, ತೀರ್ಪುಗಳು ಯಾವ ಮೂಲದಿಂದ ಹುಟ್ಟುತ್ತವೆ ಎಂಬುದನ್ನು ಅರಬ್ಬಿ ಬಾರದ ಮಕ್ಕಳಿಗೂ ಬಿಡಿಸಿ ತೋರಿಸಿದವರು ಇನ್ನೂ ವಿರಳ. ಅಂಥ ವಿರಳರಲ್ಲಿ ಒಬ್ಬರಾದ ಪ್ರೊಫೆಸರ್ ಮುನಿವೆಂಕಟಯ್ಯನವರು ಸೋಲದೇವನಹಳ್ಳಿ ಬಳಿಯ ಕಾನೂನು ಕಾಲೇಜಿನಿಂದ, ಮೂವತ್ತೊಂದು ವರ್ಷಗಳ ಸೇವೆಯ ನಂತರ, ಕಳೆದ ಜೂನ್ ಮೂವತ್ತರಂದು ನಿವೃತ್ತರಾದರು.

ಅಭಿನಂದನ ಸಂಪುಟದಲ್ಲಿ ಗುಣಗಳನ್ನು ಮಾತ್ರ ಬರೆಯುವುದು ರೂಢಿ. ಈ ಲೇಖನದಲ್ಲಿ ಒಂದು ತಪ್ಪಿನ ಸಂಗತಿಯೂ ಇದೆ. ಅದನ್ನು ಬಿಟ್ಟು ಬರೆದರೆ ಅವರ ದೊಡ್ಡತನ ಅರ್ಧವೇ ಕಂಡೀತು ಎಂಬ ಅಂಜಿಕೆಯಿಂದ, ಸಂಬಂಧಪಟ್ಟ ಮೂವರ ಒಪ್ಪಿಗೆಯನ್ನೂ ಕೇಳಿಕೊಂಡು, ಅದನ್ನು ಇಲ್ಲಿ ಸೇರಿಸಲಾಗಿದೆ. ಆ ಮೂವರಲ್ಲಿ ಒಬ್ಬಳು ಯಶೋಧಾ. ಪ್ರೊಫೆಸರರ ಶಿಷ್ಯೆಯಾಗಿದ್ದು, ಇಂದು ಅದೇ ಕಾಲೇಜಿನಲ್ಲಿ ಅವರ ಪಾಠವನ್ನೇ ಹೇಳುತ್ತಿರುವವಳು.

ಮಾಕಳಿಯ ಹಳೆಯ ಒಕ್ಕಲು ಮನೆತನದ ಮುನಿವೆಂಕಟಯ್ಯನವರು ಕಾಲೇಜಿಗೆ ಸೇರಿದ್ದು ೧೯೯೪ರಲ್ಲಿ. ಆ ವರ್ಷ ಮುಸ್ಲಿಂ ಕಾನೂನಿನ ವಿಷಯವನ್ನು ಯಾರೂ ಒಪ್ಪಿಕೊಳ್ಳದೆ, ಅದು ಹೊಸಬರಾದ ಅವರ ಪಾಲಿಗೆ ಬಂತು. ಮೊದಲ ವಾರವೆಲ್ಲ ಅವರು ಇಂಗ್ಲಿಷ್ ಪಠ್ಯವನ್ನು ಓದಿ ಹೇಳಿದರು. ವಾರದ ಕೊನೆಗೆ ವಿದ್ಯಾರ್ಥಿಯೊಬ್ಬ ಎದ್ದು, "ಹಿಂಗೇ ಯಾಕೆ ಸಾರ್?" ಎಂದು ಕೇಳಿದ. ಪಠ್ಯದಲ್ಲಿ ತೀರ್ಪಿತ್ತು, ಕಾರಣವಿರಲಿಲ್ಲ. ಮರುದಿನ ಭಾನುವಾರ. ಮಾಕಳಿಯಿಂದ ಗೊರಗುಂಟೆಪಾಳ್ಯಕ್ಕೆ ಒಂದು ಬಸ್ಸು, ಅಲ್ಲಿಂದ ಇನ್ನೊಂದು ಬಸ್ಸು ಹಿಡಿದು ಆರ್.ಟಿ. ನಗರಕ್ಕೆ ಹೋಗಿ, ಮದರಸಾದಲ್ಲಿ ಪಾಠ ಹೇಳಿ ವಯಸ್ಸಾಗಿದ್ದ ಖುದ್ದೂಸ್ ಸಾಹೇಬರ ಮನೆಯ ಬಾಗಿಲು ತಟ್ಟಿದರು.

ಸಾಹೇಬರು ಹೇಳಿದ ಮೊದಲ ಮಾತು, "ಹುಕುಂ ಬಾಯಿಪಾಠ ಮಾಡ್ಬೇಡಿ ಮೇಷ್ಟ್ರೇ. ಅದು ಎಲ್ಲಿಂದ ಬಂತು, ಯಾಕೆ ಬಂತು, ಅದು ಕಲೀರಿ."

ಹನ್ನೊಂದು ವರ್ಷಗಳ ಭಾನುವಾರಗಳು ಹಾಗೆ ಹೋದವು. ಕುರ್‌ಆನ್, ಪ್ರವಾದಿಯವರ ನಡೆನುಡಿ, ವಿದ್ವಾಂಸರ ಒಮ್ಮತ, ತರ್ಕದಿಂದ ಮಾಡುವ ಹೋಲಿಕೆ ಎಂಬ ನಾಲ್ಕು ಮೂಲಗಳನ್ನು ಅವರು ಆ ಮನೆಯ ಚಾಪೆಯ ಮೇಲೆ ಕುಳಿತು ಕಲಿತರು. ಧರ್ಮಪತ್ನಿ ಸೊಣ್ಣಮ್ಮನವರು ಇಂದಿಗೂ ಅದನ್ನು ಎತ್ತಿ ಆಡುತ್ತಾರೆ: "ಭಾನ್ವಾರ ಅಂದ್ರೆ ನಮ್ಮನೇಲಿ ಒಂದ್ ಮುದ್ದೆ ಕಮ್ಮಿ ಕಟ್ಟಿದ್ರೆ ಆಗ್ತಿತ್ತು."

ಕಲಿತದ್ದನ್ನು ಅವರು ತರಗತಿಗೆ ತಂದ ರೀತಿ ಅವರದೇ. ಹೋಲಿಕೆಯ ಪಾಠಕ್ಕೆ ಅವರ ಉದಾಹರಣೆ ಕೆರೆ ಏರಿಯ ಹಳೆಯ ಮೋರಿಯ ಮೇಲಿನ ಬೋರ್ಡು. 'ಲಾರಿಗಳಿಗೆ ಪ್ರವೇಶವಿಲ್ಲ' ಎಂದಿದೆ. ಇಟ್ಟಿಗೆ ತುಂಬಿದ ಟ್ರ್ಯಾಕ್ಟರ್ ಹೋಗಬಹುದೇ?

"ಆನೆ ಬಂದ್ರೆ ಸಾರ್?" ಎಂದು ಹಿಂದಿನ ಬೆಂಚಿನ ಪುನೀತ್ ಕೇಳಿದ್ದ.

"ಆನೆಗೆ ಬೋರ್ಡ್ ಓದಕ್ಕೆ ಬರಲ್ಲ ಅಂತ ಬಿಟ್ಬಿಡ್ತೀಯೇನಪ್ಪಾ? ಬೋರ್ಡಿನಲ್ಲಿರೋದು ಲಾರಿ. ಬೋರ್ಡಿನ ಹಿಂದಿರೋದು ತೂಕ. ಆ ತೂಕ ಹುಡುಕೋದೇ ಈ ಶಾಸ್ತ್ರ."

ಅಕ್ಷರವನ್ನು ಹಿಡಿದು ಕಾರಣವನ್ನು ಬಿಟ್ಟವನ ಕೈಯಲ್ಲಿ ಯಾವ ಕಾನೂನಾದರೂ ಕ್ರೂರವಾಗುತ್ತದೆ ಎಂಬುದು ಅವರ ಪಾಠದ ಸಾರ. ಮುಸ್ಲಿಮರಲ್ಲದ ಮಕ್ಕಳು ಇದನ್ನೇಕೆ ಕಲಿಯಬೇಕು ಎಂದು ಕೇಳಿದವರಿಗೆ, ನಾಳೆ ನಿಮ್ಮ ಎದುರು ಬಂದು ಕೂರುವವರು ತಮ್ಮ ಬದುಕನ್ನೇ ನಿಮ್ಮ ಕೈಗೆ ಕೊಡುತ್ತಾರೆ ಎನ್ನುತ್ತಿದ್ದರು. ಈ ಮಾತು ಎಷ್ಟು ಅಕ್ಷರಶಃ ನಿಜವೆಂದು ಆಗ ಅವರಿಗೂ ತಿಳಿದಿರಲಿಲ್ಲ.

ಕಷ್ಟದ ಪ್ರಶ್ನೆಗಳನ್ನು ಅವರು ಎರಡು ದಿನಕ್ಕೆ ಹಂಚುತ್ತಿದ್ದರು. ಮೊದಲ ದಿನ ಪ್ರಶ್ನೆಯ ಒಂದು ಬದಿ ಮಾತ್ರ. ಅದೇ ಕೊನೆಯ ಉತ್ತರವೆಂದು ಮಕ್ಕಳು ನಂಬುವಷ್ಟು ಬಲವಾಗಿ ಹೇಳಿ, ತಲೆ ಕೆಡಿಸಿಕೊಂಡು ಬರಲಿ ಎಂದು ಮನೆಗೆ ಕಳಿಸುತ್ತಿದ್ದರು. ಇನ್ನೊಂದು ಬದಿ ಮರುದಿನ. ಎರಡನೇ ದಿನದ ಪಾಠ ತಪ್ಪಿದ ಉದಾಹರಣೆ ಇರಲಿಲ್ಲ. ಯಶೋಧಾಳ ಅಜ್ಜಿ ಗೋಪಾಲಮ್ಮ ಆಸ್ಪತ್ರೆಯಲ್ಲಿದ್ದ ಒಂದು ತಿಂಗಳು ಅವರು ಪ್ರತಿ ಸಂಜೆ ಆಸ್ಪತ್ರೆಗೆ ಹತ್ತಿರದ ಯಶವಂತಪುರದಲ್ಲಿ ಇಳಿದು, ಬಸ್ ನಿಲ್ದಾಣದ ಕಲ್ಲುಬೆಂಚಿನ ಮೇಲೆ ಅವಳನ್ನು ಕೂರಿಸಿಕೊಂಡು, ಆ ದಿನದ ಪಾಠ ಹೇಳಿ ಮನೆಗೆ ಹೋಗುತ್ತಿದ್ದರು. ಅಂಥವರಿಗೂ ಒಮ್ಮೆ ತಪ್ಪಿತು.

೨೦೧೬ರ ಸೆಪ್ಟೆಂಬರ್. ಅಂದಿನ ಪಾಠ, ಕಾಣೆಯಾದ ಗಂಡನದು. ಒಮ್ಮೆ ಖಚಿತವಾಗಿ ತಿಳಿದದ್ದು, ಬರಿಯ ಸಂಶಯದಿಂದ ಅಳಿಯುವುದಿಲ್ಲ ಎಂಬುದು ಆ ಶಾಸ್ತ್ರದ ದೊಡ್ಡ ತತ್ತ್ವ. ಮನುಷ್ಯ ಬದುಕಿದ್ದನೆಂಬುದು ಖಚಿತ, ಸತ್ತನೆಂಬುದು ಸಂಶಯ. ಆದ್ದರಿಂದ ಅವನ ಸಮವಯಸ್ಕರೆಲ್ಲ ತೀರಿಕೊಳ್ಳುವವರೆಗೂ ಅವನು ಬದುಕಿದ್ದಾನೆಂದೇ ಎಣಿಸಬೇಕು ಎನ್ನುತ್ತವೆ ಇಲ್ಲಿನ ಹೆಚ್ಚಿನ ಮುಸ್ಲಿಮರು ಅನುಸರಿಸುವ ಹನಫಿ ಪಂಥದ ಹಳೆಯ ಗ್ರಂಥಗಳು. ಅಲ್ಲಿಗೆ ಗಂಟೆ ಬಾರಿಸಿತು. ಮರುದಿನ ಕಾವೇರಿ ಬಂದ್. ಅದರ ಬೆನ್ನಿಗೇ ಗಲಾಟೆ, ರಜೆ. ಕಾಲೇಜು ತೆರೆದಾಗ ವೇಳಾಪಟ್ಟಿಯೇ ಬದಲಾಗಿತ್ತು. ಪಾಠ ಬೇರೆ ಅಧ್ಯಾಯಕ್ಕೆ ಹೋಯಿತು.

ಆ ಎರಡನೇ ದಿನ ಅವರು ಹೇಳಬೇಕಾಗಿದ್ದುದು ಇಷ್ಟು: ಆ ತತ್ತ್ವ ಇರುವುದು ಕಾಣೆಯಾದವನ ಹಕ್ಕನ್ನು ಕಾಯಲು, ಕಾಯುತ್ತಿರುವವಳ ಬದುಕನ್ನು ಹೂಳಲು ಅಲ್ಲ. ಹಾನಿಯನ್ನು ತೊಡೆಯಬೇಕು ಎಂಬ ತತ್ತ್ವವೂ ಅಷ್ಟೇ ದೊಡ್ಡದು. ಇನ್ನೊಂದು ನ್ಯಾಯಪಂಥವಾದ ಮಾಲಿಕಿ ನಾಲ್ಕು ವರ್ಷ ಸಾಕೆಂದಿತು. ನಮ್ಮ ದೇಶದ ಹನಫಿ ವಿದ್ವಾಂಸರೇ ಹೆಂಗಸರ ಸಂಕಟ ಕಂಡು ಆ ಮಾತನ್ನು ಎರವಲು ತಂದರು. ೧೯೩೯ರ ಕಾಯ್ದೆ ಅದನ್ನೇ ಕಾನೂನು ಮಾಡಿತು. ನಾಲ್ಕು ವರ್ಷ ಗಂಡನ ಸುಳಿವಿಲ್ಲದಿದ್ದರೆ ಹೆಂಡತಿ ವಿವಾಹ ರದ್ದತಿ ಕೇಳಬಹುದು.

ಇದು ಹೇಳದೇ ಉಳಿಯಿತು. ಮುಂದಿನ ಭಾನುವಾರ ಆರ್.ಟಿ. ನಗರದ ಶಾಲೆಯೊಂದರಲ್ಲಿ ಕಾಲೇಜಿನ ಉಚಿತ ಕಾನೂನು ನೆರವು ಶಿಬಿರ. ಜನ ಹೆಚ್ಚಿದ್ದರಿಂದ ಪ್ರೊಫೆಸರರು ಸಲಹಾ ಚೀಟಿಗಳಿಗೆ ಮೊದಲೇ ಸಹಿ ಹಾಕಿ, ಸೀಲು ಒತ್ತಿ, ಖಾಲಿ ಚೀಟಿಗಳನ್ನು ವಿದ್ಯಾರ್ಥಿಗಳಿಗೆ ಹಂಚಿದ್ದರು. ನಂಬಿಕೆಯ ಶಿಷ್ಯೆ ಯಶೋಧಾಳಿಗೆ ಎಲ್ಲರಿಗಿಂತ ದಪ್ಪನೆಯ ಕಟ್ಟು ಸಿಕ್ಕಿತ್ತು. ಅಂದು ಬಂದ ಹೆಂಗಸೊಬ್ಬಳ ಗಂಡ ಲಾರಿ ಚಾಲಕ, ಐದು ವರ್ಷದ ಹಿಂದೆ ನಾಗಪುರದ ಕಡೆ ಹೋದವನು. ಲಾರಿ ಸಿಕ್ಕಿತು, ಆಳು ಸಿಗಲಿಲ್ಲ. ಯಶೋಧಾ ಅಂದವಾದ ಅಕ್ಷರದಲ್ಲಿ ಬರೆದುಕೊಟ್ಟಳು: 'ಪತಿ ಬದುಕಿದ್ದಾರೆಂದೇ ಕಾನೂನು ಭಾವಿಸುತ್ತದೆ. ಕಾಯಬೇಕು.'

ಎರಡು ತಿಂಗಳ ನಂತರ ಪರೀಕ್ಷೆಯಲ್ಲಿ ಅದೇ ಪ್ರಶ್ನೆ ಬಂತು. ಪುಸ್ತಕ ಓದಿಕೊಂಡಿದ್ದ ಯಶೋಧಾ ನಾಲ್ಕು ವರ್ಷದ ಕಾಯ್ದೆಯನ್ನು ಕಲಮು ಸಮೇತ ಸರಿಯಾಗಿ ಬರೆದಳು. ಒಳ್ಳೆಯ ಅಂಕವೂ ಬಂತು. ಬರೆಯುವಾಗ ಆ ಹೆಂಗಸಿನ ಮುಖ ಒಮ್ಮೆಯೂ ಕಣ್ಣ ಮುಂದೆ ಬರಲಿಲ್ಲ. ಯಶೋಧಾಳನ್ನು ಇಂದಿಗೂ ಚುಚ್ಚುವುದು ಇದೇ.

೨೦೨೩ರ ಜೂನ್. ಅದೇ ಶಾಲೆ, ಅದೇ ಶಿಬಿರ. ಯಶೋಧಾ ಈಗ ಉಪನ್ಯಾಸಕಿ. ಸೀರೆಗೆ ಕುಚ್ಚು ಕಟ್ಟುವ ಕೆಲಸದ ಖಮರ್ ತಾಜ್ ಎಂಬವರು ಮಗಳನ್ನು ಕರೆದುಕೊಂಡು ಬಂದು ಅವಳ ಎದುರು ಕೂತರು. ಮಗಳ ಪಿಯುಸಿ ಅರ್ಜಿ ತುಂಬಬೇಕಿತ್ತು.

"ತಂದೆ ಇದಾರಾ, ತೀರ್ಕೊಂಡಿದಾರಾ ಅಂತ ಕೇಳ್ತಾರೆ ಮೇಡಂ. ಕ್ಲರ್ಕು ನಂಗೆ, ಏನಮ್ಮಾ ನಿನ್ ಗಂಡ ಇರೋದೇ ನಿಂಗೆ ಗೊತ್ತಿಲ್ವಾ ಅಂತ ನಗ್ತಾನೆ. ಇದಾರೆ ಅಂತ ನಿಮ್ಮ ಕಾಲೇಜಿನವ್ರೇ ಬರ್ಕೊಟ್ಟಿದಾರೆ, ನೋಡಿ."

ಪ್ಲಾಸ್ಟಿಕ್ ಕವರಿನಿಂದ ಚೀಟಿಯೊಂದು ಹೊರಬಂತು. ಮಡಿಕೆಗಳಿಗೆ ಟೇಪು ಅಂಟಿಸಿತ್ತು. ಯಶೋಧಾ ಮೊದಲು ಕಂಡದ್ದು ಮಾತುಗಳನ್ನಲ್ಲ, ತನ್ನ ಕೈಬರಹವನ್ನು. ಬಾಲ ಸುತ್ತಿದ ಆ 'ಕು' ಇನ್ನಾರದೂ ಅಲ್ಲ. ಆಮೇಲೆ ದಿನಾಂಕ ಕಂಡಿತು. ಆರು ವರ್ಷ ಒಂಬತ್ತು ತಿಂಗಳು.

"ಬೇರೆ ಯಾರನ್ನೂ... ಕೇಳ್ಲಿಲ್ವಾ?"

"ಕೇಳ್ದೆ. ನಾದಿನಿ ಕಾಯಿ ಅಂದ್ಲು, ಮೈದುನ ಕಾಯಿ ಅಂದ. ಅವ್ರ ಮಾತು ನಾನು ನಂಬ್ಲಿಲ್ಲ. ಈ ಸೀಲ್ ನೋಡಿ ನಂಬ್ದೆ."

ಒಂದು ನಿಮಿಷ ಎಂದು ಹೇಳಿ ಯಶೋಧಾ ಎದ್ದಳು. ಕಾರಿಡಾರಿನಲ್ಲಿ ಚಹಾ ಕುಡಿಯುತ್ತಿದ್ದ ಪ್ರೊಫೆಸರರ ಕೈಗೆ ಚೀಟಿ ಕೊಟ್ಟಳು. ಅವರು ಓದಿದರು. ಕೆಳಗಿನ ಸಹಿಯನ್ನು ನೋಡಿದರು. ಲೋಟವನ್ನು ಕಿಟಕಿಯ ಕಟ್ಟೆಯ ಮೇಲಿಟ್ಟರು. ಮೂವತ್ತು ವರ್ಷ ತರಗತಿಯಲ್ಲಿ ಒಮ್ಮೆಯೂ ಕೇಳಿಸದಿದ್ದ ಮಾಕಳಿಯ ಮಾತು ಬಾಯಿಂದ ಜಾರಿತು: "ಇಂಗಾಯ್ತಾ?"

"ಬರೆದಿದ್ದು ನಾನು ಸಾರ್," ಎಂದಳು ಯಶೋಧಾ. "ನಾನೇ ಹೇಳ್ತೀನಿ ಅವ್ರಿಗೆ."

"ನೀನು ನನ್ನ ಪಕ್ಕ ನಿಂತ್ಕೋ, ಸಾಕು."

ಒಳಗೆ ಹೋಗಿ ಅವರು ಕುರ್ಚಿಯಲ್ಲಿ ಕೂರಲಿಲ್ಲ. ನಿಂತೇ ಹೇಳಿದರು. "ಅಮ್ಮಾ, ಈ ಚೀಟಿ ತಪ್ಪು. ಬರೆದಿದ್ದು ಈ ಹುಡುಗಿ. ಓದದೆ ಸಹಿ ಹಾಕಿದ್ದು ನಾನು. ಇವಳಿಗೆ ಅರ್ಧ ಪಾಠ ಹೇಳಿ ಬಿಟ್ಟಿದ್ದೂ ನಾನೇ. ನೀವು ಆವತ್ತೇ ಕೋರ್ಟಿಗೆ ಹೋಗಬಹುದಿತ್ತು."

"ಆವತ್ತೇನಾ?"

"ಆವತ್ತೇ."

ಮಗಳು ಬರೆಯುತ್ತಿದ್ದ ಪೆನ್ನು ನಿಂತಿತು. ಖಮರ್ ತಾಜ್ ಚೀಟಿಯನ್ನು ಮೊದಲ ಸಲ ನೋಡುವವರಂತೆ ನೋಡಿದರು.

"ಹೆಬ್ಬಾಳದಲ್ಲಿ ಸೋಫಾ ಹೊಲಿಯೋರೊಬ್ರು ನನ್ನ ಮದ್ವೆಗೆ ಕೇಳಿದ್ರು ಸಾರ್. ಅದಕ್ಕೇ ಬಂದಿದ್ದೆ ನಾನು ಆವಾಗ, ನಾಚ್ಕೊಂಡು ಹೇಳ್ಲಿಲ್ಲ. ಈ ಚೀಟಿ ತೋರಿಸ್ದೆ ಅವ್ರಿಗೆ. ಎರಡ್ ವರ್ಷ ಕಾದ್ರು. ಈಗ ಅವ್ರಿಗೆ ಇಬ್ರು ಮಕ್ಳು." ಚೀಟಿ ಮಡಚುತ್ತಾ, "ನಿಮ್ಗೆ ಬೈಯೋದಾ, ಈಗ್ಲಾದ್ರೂ ನಿಜ ಹೇಳಿದ್ರಿ ಅಂತ ಖುಷಿ ಪಡೋದಾ? ಏನೂ ಗೊತ್ತಾಗ್ತಿಲ್ಲ ನಂಗೆ," ಎಂದರು.

ಆ ಸಂಜೆ ಪ್ರೊಫೆಸರರು ತಮ್ಮ ಹಳೆಯ ಪಾಠದ ದಿನಚರಿಯನ್ನು ತೆಗೆಸಿ ನೋಡಿದರು. ೨೦೧೬ರ ಆ ಪುಟದಲ್ಲಿ ಅವರದೇ ಕೈಬರಹ: 'ಬಂದ್. ಎರಡನೇ ದಿನದ್ದು ಬಾಕಿ.' ಅದನ್ನು ಯಶೋಧಾಳಿಗೆ ತೋರಿಸಿದರು. ಮರೆಮಾಚಬಹುದಾಗಿದ್ದ ಪುಟ ಅದು.

ಹಳೆಯ ವಿದ್ಯಾರ್ಥಿ, ವಕೀಲ ವಿಜಯ್ ಕುಮಾರ್ ಮೊಕದ್ದಮೆ ನಡೆಸಿಕೊಟ್ಟರು. ಒಂದು ವಿಚಾರಣೆಗೂ ಪ್ರೊಫೆಸರರು ಗೈರಾಗಲಿಲ್ಲ. ತರಗತಿಯಲ್ಲಿ ಎರಡು ದಿನದ ಪದ್ಧತಿಯನ್ನು, ಮೂವತ್ತು ವರ್ಷಗಳ ತಮ್ಮ ಹೆಮ್ಮೆಯನ್ನು, ಅವರು ಕೈಬಿಟ್ಟರು. ಯಾವ ಪಾಠವಾದರೂ ನಿಂತರೆ, ಪುಟದ ಕೆಳಗೆ 'ಮುಗಿದಿಲ್ಲ' ಎಂದು ಬರೆಸಿಯೇ ಮಕ್ಕಳನ್ನು ಎಬ್ಬಿಸುತ್ತಿದ್ದರು. ಖಾಲಿ ಚೀಟಿಗೆ ಮತ್ತೆಂದೂ ಸಹಿ ಹಾಕಲಿಲ್ಲ.

ಈ ವರ್ಷದ ಜನವರಿ ಹದಿನೇಳರಂದು ವಿವಾಹ ರದ್ದತಿಯ ಡಿಕ್ರಿ ಬಂತು. ಆದರೆ ಕಾಯ್ದೆಯ ಪ್ರಕಾರ ಅದು ಜಾರಿಗೆ ಬರುವುದು ಆರು ತಿಂಗಳ ನಂತರ. ಅಷ್ಟರಲ್ಲಿ ಗಂಡ ಮರಳಿ ಬಂದು ಸಂಸಾರ ಮಾಡಲು ಸಿದ್ಧನೆಂದು ನ್ಯಾಯಾಲಯಕ್ಕೆ ಮನದಟ್ಟು ಮಾಡಿದರೆ ಡಿಕ್ರಿ ರದ್ದಾಗುತ್ತದೆ. ಬೀಳ್ಕೊಡುಗೆಯ ದಿನ ಹಾರದ ಭಾರದಲ್ಲಿ ಕುಳಿತಿದ್ದ ಪ್ರೊಫೆಸರರು ಮೊಬೈಲ್ ಕೆಳಗಿಡದಿದ್ದುದನ್ನು ಅನೇಕರು ಗಮನಿಸಿರಬಹುದು. ಇನ್ನೂ ಹದಿನೇಳು ದಿನ ಉಳಿದಿತ್ತು. ಸಭಾಂಗಣದ ಬಾಗಿಲಿಗೆ ಅಪರಿಚಿತ ಗಂಡಸೊಬ್ಬ ಬಂದು ನಿಂತಾಗ ಯಶೋಧಾ ಕುರ್ಚಿಯಿಂದ ಅರ್ಧ ಎದ್ದಳು. ಶಾಮಿಯಾನದವನು ಅವನು. ಸಭೆಗೆ ಬಂದಿದ್ದ ಖಮರ್ ತಾಜ್ ಒಬ್ಬರೇ ನೆಮ್ಮದಿಯಾಗಿದ್ದರು: "ಬಂದ್ರೆ ಬರ್ಲಿ ಬಿಡಿ. ಎಲ್ಲಿದ್ರಿ ಅಂತ ಮೊದ್ಲು ನಾನ್ ಕೇಳ್ಬೇಕು."

ಯಾರೂ ಬರಲಿಲ್ಲ. ಜುಲೈ ಹದಿನೆಂಟರ ಬೆಳಿಗ್ಗೆ ಖಮರ್ ತಾಜ್ ಮಗಳೊಂದಿಗೆ ಪ್ರೊಫೆಸರರ ಮಾಕಳಿಯ ಮನೆಗೆ ಬಂದರು. ಯಶೋಧಾಳೂ ಅಲ್ಲಿದ್ದಳು. ಚೀಟಿಯನ್ನು ಅವಳ ಮುಂದಿಟ್ಟು, "ಇದು ನಿಮ್ದು ಮೇಡಂ. ಇಟ್ಕೊಳಿ, ಹರಿಬೇಡಿ," ಎಂದರು. ಕ್ಷಮಿಸಿದ್ದೇನೆ ಎಂದು ಅವರು ಹೇಳಲಿಲ್ಲ. ಕೇಳುವ ಧೈರ್ಯ ಯಶೋಧಾಳಿಗೂ ಆಗಲಿಲ್ಲ.

ಪ್ರೊಫೆಸರರು ನಿವೃತ್ತಿಯ ಕೆಲಸವೆಂದು ಕನ್ನಡದಲ್ಲಿ ಈ ಶಾಸ್ತ್ರದ ಪ್ರವೇಶಿಕೆಯೊಂದನ್ನು ಬರೆಯುತ್ತಿದ್ದಾರೆ. ಹಸ್ತಪ್ರತಿ ಮೇಜಿನ ಮೇಲಿತ್ತು. ಕಾಣೆಯಾದವನ ಅಧ್ಯಾಯ ಯಾವುದೆಂದು ಖಮರ್ ತಾಜ್ ಕೇಳಿದರು. ಅವರು ತೋರಿಸಿದರು. ಮೊದಲು ಖಚಿತತೆಯ ತತ್ತ್ವ, ಆಮೇಲೆ ಹಾನಿ ತೊಡೆಯುವ ತತ್ತ್ವ.

"ನನ್ನ ಹೆಸರು ಬೇಕಾದ್ರೆ ಹಾಕಿ ಸಾರ್. ಆದ್ರೆ ಎರಡ್ನೇದು ಮೊದ್ಲು ಬರೀರಿ."

"ಶಾಸ್ತ್ರದ ಕ್ರಮ ತಪ್ಪುತ್ತಲ್ಲಮ್ಮಾ."

"ತಪ್ಲಿ ಬಿಡಿ. ಓದೋರು ಅರ್ಧಕ್ಕೇ ಎದ್ದು ಹೋದ್ರೆ?"

ಸೊಣ್ಣಮ್ಮನವರು ಅಡುಗೆಮನೆಯಿಂದ, "ಅವಮ್ಮ ಹೇಳ್ದಂಗೆ ಮಾಡಿ," ಎಂದರು. ಪ್ರೊಫೆಸರರು ಪೆನ್ನು ತೆಗೆದು, ಎರಡು ಭಾಗಗಳ ಸಂಖ್ಯೆಯನ್ನು ಅದಲುಬದಲು ಮಾಡಿದರು.

ಆ ಪುಸ್ತಕ ಮುಗಿಯುವಷ್ಟು, ಓದಿದವರು ಮನೆ ಹುಡುಕಿಕೊಂಡು ಬಂದು ಪ್ರಶ್ನೆ ಕೇಳುವಷ್ಟು, ಆ ಪ್ರಶ್ನೆಗಳ ಎರಡೂ ಬದಿಯನ್ನು ಒಂದೇ ಸಲಕ್ಕೆ ಅವರು ಹೇಳಿ ಮುಗಿಸುವಷ್ಟು ಆಯುರಾರೋಗ್ಯ ಮುನಿವೆಂಕಟಯ್ಯನವರಿಗೆ ಇರಲಿ. ಟೇಪು ಅಂಟಿಸಿದ ಆ ಚೀಟಿ ಈಗ ಯಶೋಧಾಳ ಪಾಠದ ಟಿಪ್ಪಣಿಯ ಮೊದಲ ಪುಟದಲ್ಲಿದೆ. ಅದರ ಕೆಳಗೆ, ಅವರ ಹಳೆಯ ಸಹಿಯ ಪಕ್ಕದಲ್ಲಿ, ಅವಳು ಒಂದೇ ಪದ ಸೇರಿಸಿದ್ದಾಳೆ: 'ಮುಗಿದಿಲ್ಲ.'