ಕೊಕ್ಕರೆ ಇದ್ದ ನಾಣ್ಯ

ಬೀರು ಸರಿಸಿ ಕಸ ಗುಡಿಸುವಾಗ ಅದರ ಹಿಂದಿನಿಂದ ಒಂದು ದುಂಡನೆಯ ಪ್ಲಾಸ್ಟಿಕ್ ಡಬ್ಬಿ ಉರುಳಿ ಬಂತು. ಒಂದೇ ಒಂದು ನಾಣ್ಯ ಹಿಡಿಸುವ, ಗಾಜಿನಂತೆ ತಿಳಿಯಾದ ಡಬ್ಬಿ. ಖಾಲಿ. ಅದನ್ನು ಹಿಡಿದು ಅಲ್ಲೇ ಕುಳಿತೆ. ಬೆಳ್ಳಿ ಅಂಗಡಿಯ ಮಾಮ ನೆನಪಾದರು...

ನಾನು ರಾಯದುರ್ಗದಲ್ಲೇ ಹುಟ್ಟಿದವಳು. ಮಾಮ ನಮ್ಮ ಪಕ್ಕದ ಮನೆಯವರು. ಸಂಬಂಧಿಕರಲ್ಲ, ಚಿಕ್ಕಂದಿನಿಂದ ಹಾಗೆ ಕರೆದು ರೂಢಿ. ಮಡಕಶಿರಾ ಕಡೆಯವರಾದರೂ ಮದುವೆಯಾಗಿ ಇಲ್ಲೇ ನೆಲೆಸಿದ ನನ್ನ ಯಜಮಾನರಿಗೆ ಇದ್ದದ್ದು ಒಂದೇ ಹುಚ್ಚು. ಜಪಾನಿನವರು ತಮ್ಮ ಒಂದೊಂದು ಪ್ರಾಂತ್ಯದ ನೆನಪಿಗೂ ಒಂದೊಂದು ಬೆಳ್ಳಿ ನಾಣ್ಯ ಮಾಡಿ, ಆ ಸೀಮೆಯ ಚರಿತ್ರೆಯನ್ನೋ ಹೆಗ್ಗುರುತನ್ನೋ ಬಣ್ಣದಲ್ಲಿ ಅಚ್ಚು ಹಾಕಿದ್ದರಂತೆ. ಯಜಮಾನರು ವ್ಯಾಪಾರಿಯೊಬ್ಬರ ಮೂಲಕ ಅವನ್ನು ಒಂದೊಂದಾಗಿ ತರಿಸುತ್ತಿದ್ದರು. ಬಂದದ್ದನ್ನು ಮೊದಲು ಮಾಮನಿಗೇ ತೋರಿಸಬೇಕು. ಮಾಮ ಭೂತಗನ್ನಡಿ ಹಿಡಿದು, ನಾಣ್ಯದ ಅಂಚನ್ನಷ್ಟೇ ಮುಟ್ಟಿ ನೋಡುತ್ತಿದ್ದರು. ಒಂದು ನಾಣ್ಯದ ಮೇಲಿದ್ದ ಕೊಕ್ಕರೆಯ ನೆತ್ತಿಯ ಕೆಂಪು ಚುಕ್ಕೆಯನ್ನು ನನಗೆ ತೋರಿಸಿಕೊಟ್ಟವರೂ ಅವರೇ.

ಆ ಭಾನುವಾರವೂ ಇಬ್ಬರೂ ನಡುಮನೆಯಲ್ಲಿ ನಾಣ್ಯ ಹರಡಿಕೊಂಡು ಕೂತಿದ್ದರು.

"ಅಳಿಯಂದ್ರೇ, ನಿಮ್ಮ ಮಡಕಶಿರಾಕ್ಕೊಂದು ನಾಣ್ಯ ಮಾಡಿದ್ರ ಏನ್ ಕೆತ್ತಿಸ್ತೀರಿ? ಶೇಂಗಾನೇನು?"

"ಕಳ್ಳೇಕಾಯಿ ಯಾಕೆ ಮಾಮ, ನಮ್ ಬೆಟ್ಟ ಇಲ್ವಾ? ರಾಯದುರ್ಗಕ್ಕೆ ನಿಮ್ ನಾಲಿಗೆ ಕೆತ್ತುಸುದ್ರೆ ಸಾಕು."

ಮಾಮ ಹೊಟ್ಟೆ ಹಿಡಿದುಕೊಂಡು ನಕ್ಕರು. ಆ ಗದ್ದಲದಲ್ಲಿ ಕೊಕ್ಕರೆ ನಾಣ್ಯದ ಖಾಲಿ ಡಬ್ಬಿ ಎಲ್ಲಿಗೋ ಉರುಳಿಹೋಯಿತು. ಯಜಮಾನರಿಗೆ ಎಲ್ಲಕ್ಕಿಂತ ಪ್ರಿಯವಾದ ನಾಣ್ಯ ಅದು. ತಮ್ಮೂರ ಕೆರೆಗೆ ಬರುತ್ತಿದ್ದ ಕೊಕ್ಕರೆಯ ಹಾಗೇ ಇದೆ ಎನ್ನುತ್ತಿದ್ದರು. ಅದನ್ನು ಬಟ್ಟೆಯಲ್ಲಿ ಸುತ್ತಿಟ್ಟು, "ಡಬ್ಬಿ ನಾಳೆ ಹುಡುಕುದ್ರಾಯ್ತು ಬುಡಿ" ಎಂದರು.

ಮರುದಿನ ಬೆಳಿಗ್ಗೆ ಯಜಮಾನರು ಏಳಲಿಲ್ಲ.

ಅವರ ಉತ್ತರಕ್ರಿಯೆಗೆಂದು ಮಡಕಶಿರಾಕ್ಕೆ ಹೊರಟಾಗ ಮಾಮ ತಾವಾಗಿಯೇ ನಾಣ್ಯದ ಪೆಟ್ಟಿಗೆ ಕೇಳಿದರು. "ಖಾಲಿ ಮನ್ಯಾಗ ಯಾಕವ್ವ? ನನ್ನ ತಿಜೋರ್ಯಾಗ ಇರ್ಲಿ." ಕೊಟ್ಟೆ. ಅವರಿಗಲ್ಲದೆ ಇನ್ಯಾರಿಗೆ ಕೊಡಲಿ...

ತಿರುಗಿ ಬಂದು ಪೆಟ್ಟಿಗೆ ಕೇಳಿದರೆ, ಮಾಮ ನನ್ನನ್ನು ಈಶ್ವರನ ಗುಡಿಗೆ ಕರೆದುಕೊಂಡು ಹೋದರು. ಲಿಂಗಕ್ಕೆ ಹೊಸ ಬೆಳ್ಳಿ ಮುಖವಾಡ ಏರಿತ್ತು. ನಾಣ್ಯಗಳನ್ನೆಲ್ಲ ಕರಗಿಸಿಬಿಟ್ಟಿದ್ದರು.

"ಅಳಿಯಂದ್ರ ಬೆಳ್ಳಿ ದೇವರ ಮೈಮ್ಯಾಲೆ ಬಂತು ನೋಡವ್ವ. ಇದಕ್ಕಿಂತ ಪುಣ್ಯ ಐತೇನು?"

ತೀರಿಕೊಂಡವರ ಬೆಳ್ಳಿಯನ್ನು ದೇವರಿಗೆ ಕೊಡುವುದು ನಮ್ಮಲ್ಲಿ ಉಂಟು. ಕೊಡುವವರು ಮನೆಯವರು. ಮುಖವಾಡದ ಕೆಳ ಅಂಚಿನಲ್ಲಿ ಸೇವಾರ್ಥ ಎಂದು ಕೆತ್ತಿತ್ತು. ಅದರ ಪಕ್ಕದಲ್ಲಿದ್ದದ್ದು ಮಾಮನ ಹೆಸರೊಂದೇ.

"ಇವರ ಹೆಸರೆಲ್ಲಿ ಮಾಮ?"

"ಹೆಸರಿನಾಗ ಏನೈತವ್ವ? ದೇವರಿಗೆ ಗೊತ್ತಿರಂಗಿಲ್ಲೇನು?"

"ದೇವರಿಗೆ ಗೊತ್ತಿದ್ರ ನಿಮ್ಮದ್ಯಾಕ ಕೆತ್ತಿದ್ರಿ?"

ಮಾಮ ಹೆಗಲ ಮೇಲಿನ ಟವಲಿನಿಂದ ಮುಖವಾಡದ ಅಂಚನ್ನು ಒರೆಸುತ್ತಾ ನಿಂತರು.

ಬೇರೆ ಯಾರಾದರೂ ಕರಗಿಸಿದ್ದರೆ, ಪಾಪ, ಬರೀ ಬೆಳ್ಳಿ ಅಂದುಕೊಂಡರು ಎನ್ನಬಹುದಿತ್ತು. ಮಾಮನಿಗೆ ಅವು ಏನೆಂದು ಗೊತ್ತಿತ್ತು. ನನಗಿಂತ ಚೆನ್ನಾಗಿ ಗೊತ್ತಿತ್ತು...

ಈಗ ಮಾಮನೂ ಇಲ್ಲ. ಅವರ ಅಂಗಡಿಯ ಜಾಗದಲ್ಲಿ ಮೊಬೈಲ್ ರಿಪೇರಿ ಮಾಡುತ್ತಾರೆ. ಸೋಮವಾರ ಗುಡಿಗೆ ಹೋದಾಗ, ಮಂಗಳಾರತಿಯ ಬೆಳಕಿನಲ್ಲಿ ಆ ಬೆಳ್ಳಿಯನ್ನು ಇವತ್ತಿಗೂ ಹುಡುಕುವಂತೆ ನೋಡುತ್ತೇನೆ.

ನಾಳೆ ಹುಡುಕೋಣ ಎಂದಿದ್ದ ಡಬ್ಬಿ ಸಿಕ್ಕಿದೆ. ಅದರೊಳಗೆ ಇಡಲು ಕೊಕ್ಕರೆ ಇಲ್ಲ.